ಹರಕೆಗೊಂದು ಹಾಳೆಯ ಕವಚ

ಹರಕೆ ಹೇಳಿಕೊಳ್ಳುವಾಗ ಸ್ವಲ್ಪ ಬುದ್ಧಿ ನೆಟ್ಟಗಿರಬೇಕು ಎಂದು ನನಗೆ ಈಗ ಅನಿಸುತ್ತದೆ. ಆದರೆ ಬುದ್ಧಿ ನೆಟ್ಟಗಿರುವ ಹೊತ್ತಿನಲ್ಲಿ ಯಾರೂ ಹರಕೆ ಹೇಳಿಕೊಳ್ಳುವುದಿಲ್ಲ, ಅದೇ ತೊಂದರೆ. ತೆಂಗಿನಕಾಯಿ, ಎಳ್ಳೆಣ್ಣೆ, ಹೂವಿನ ಪೂಜೆ ಇವೆಲ್ಲ ಅಪಾಯವಿಲ್ಲದ ಹರಕೆಗಳು. ಬಸ್ಸು ತಪ್ಪದಿರಲಿ, ಹಪ್ಪಳ ಒಣಗುವ ತನಕ ಬಿಸಿಲಿರಲಿ ಎಂಬಂಥ ಸಣ್ಣ ಸಂಕಟಗಳಿಗೆ ನಾನು ಇವುಗಳಲ್ಲೇ ಒಂದನ್ನು ಹೇಳಿಕೊಂಡು, ಮರೆಯದೆ ತೀರಿಸಿ, ದೇವರ ದಯೆಯಿಂದ ನೆಮ್ಮದಿಯಾಗಿದ್ದವಳು. ಆದರೆ ಇವರಿಗೆ, ಎಂದರೆ ನಮ್ಮ ಯಜಮಾನರಿಗೆ, ಕಾಮಾಲೆ ಬಂದು ಮಣಿಪಾಲದ ಆಸ್ಪತ್ರೆಯಲ್ಲಿ ಅರಸಿನದಂಥ ಕಣ್ಣು ಮುಚ್ಚಿ ಮಲಗಿಬಿಟ್ಟಾಗ, ಇಷ್ಟು ದೊಡ್ಡ ಕೆಲಸಕ್ಕೆ ತೆಂಗಿನಕಾಯಿ ಸಾಕಾಗಲಿಕ್ಕಿಲ್ಲ ಎಂದು ಹೆದರಿಕೆಯಾಯಿತು. ನಮ್ಮ ಉಡುಪಿ ಕಡೆ ಕೃಷ್ಣಾಷ್ಟಮಿಗೆ ಹರಕೆಯ ವೇಷ ಹಾಕುವುದುಂಟು. ಹುಲಿಯೋ ಕರಡಿಯೋ ಆಗಿ, ಮನೆ ಮನೆ ಸುತ್ತಿ, ಕೊನೆಗೆ ದೇವರೆದುರು ನಿಂತರೆ ಹರಕೆ ಸಂದಂತೆ. ಮಂಚದ ಕಬ್ಬಿಣವನ್ನು ಹಿಡಿದುಕೊಂಡು ನಾನು, ಇವರು ಎದ್ದು ಮನೆಗೆ ಬಂದರೆ ಅಷ್ಟಮಿಗೆ ವೇಷ ಹಾಕಿಕೊಂಡು ನಿನ್ನೆದುರು ಬರುತ್ತಾರೆ ಸ್ವಾಮೀ ಎಂದುಬಿಟ್ಟೆ. ಇವರನ್ನು ಒಂದು ಮಾತು ಕೇಳಬಹುದಿತ್ತು. ಆದರೆ ಇವರಿಗೆ ಪ್ರಜ್ಞೆ ಇರಲಿಲ್ಲ.

ಇವರು ಎದ್ದು ಮನೆಗೆ ಬಂದರು. ಉಪ್ಪಿಲ್ಲದ ಗಂಜಿ ಕುಡಿದು, ಬೇಸಿಗೆ ಕಳೆಯುವಷ್ಟರಲ್ಲಿ ಆಫೀಸಿಗೂ ಹೋಗತೊಡಗಿದರು. ಆಗ ವಿಷಯ ಹೇಳಿದೆ. ಇವರು ಎಂಥವರೆಂದರೆ, ಅಂಗಿಯ ಕುತ್ತಿಗೆಯ ಗುಂಡಿಯನ್ನೂ ಬಿಡದೆ ಹಾಕಿಕೊಳ್ಳುವವರು, ಸ್ವಂತ ಮದುವೆಯಲ್ಲಿ ಫೋಟೋ ತೆಗೆಯುವವನಿಗೆ ಬೆನ್ನು ಕೊಟ್ಟವರು. "ಹರಕೆ ನಿನ್ನದು, ಹುಲಿ ಆಗಬೇಕಾದದ್ದು ನಾನಾ?" ಎಂದು ಕೇಳಿ, ಪೇಪರು ಮುಖಕ್ಕೆ ಅಡ್ಡ ಹಿಡಿದರು. ಮೈಗೆ ಬಣ್ಣ ಹಚ್ಚಬಾರದೆಂದು ಡಾಕ್ಟರು ಹೇಳಿದ್ದಾರೆ ಎಂದೂ ಸೇರಿಸಿದರು. ಡಾಕ್ಟರು ಹಾಗೆ ಹೇಳಿದ್ದೋ, ಇವರೇ ಹೇಳಿಸಿದ್ದೋ ನಾನು ವಿಚಾರಿಸಲು ಹೋಗಲಿಲ್ಲ. ನನಗೆ ಇದ್ದದ್ದು ಒಂದೇ ಚಿಂತೆ. ಹರಕೆ ತಪ್ಪಿದರೆ ಕೊಟ್ಟದ್ದನ್ನು ದೇವರು ತಿರುಗಿ ಕೇಳಿದರೆ? ದಿನಾ ಬೆಳಿಗ್ಗೆ ಕಾಫಿ ಕೊಡುವ ನೆಪದಲ್ಲಿ ಇವರನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಕಣ್ಣಿನ ಬಿಳಿ ನೋಡುತ್ತಿದ್ದೆ. ಒಂದು ದಿನ ಸ್ವಲ್ಪ ಹಳದಿ ಕಂಡ ಹಾಗಾಗಿ ನನ್ನ ಕೈಯಿಂದ ಲೋಟ ಜಾರಿತು. ನೋಡಿದರೆ ಕಿಟಕಿಯ ಹೊರಗೆ ಅತ್ತೆಯವರ ಹಳದಿ ಸೀರೆ ಒಣಗಲು ಹಾಕಿತ್ತು.

ಲೋಟ ಬಿದ್ದದ್ದನ್ನು ನೋಡಿಯೋ ಏನೋ, ಮರುದಿನ ಇವರು ಆಫೀಸಿನಿಂದ ಒಂದು ಇಂಗ್ಲಿಷ್ ಪತ್ರಿಕೆ ತಂದರು. ಅದರಲ್ಲಿ ಒಂದು ಚಿತ್ರ. ಬೇರೆ ಯಾವುದೋ ಗ್ರಹದ ಸೈನಿಕ, ತಲೆಯಿಂದ ಕಾಲಿನ ತನಕ ಬೆಳ್ಳಿಯ ಕವಚ, ಕಣ್ಣಿನ ಜಾಗದಲ್ಲಿ ಒಂದು ಸೀಳು ಮಾತ್ರ. "ಇದು ಆದೀತು. ಮುಖ ಕಾಣುದಿಲ್ಲ, ನೋಡು" ಎಂದರು. ಆಸ್ಪತ್ರೆಯಿಂದ ಬಂದ ಮೇಲೆ ಇವರ ಮುಖದಲ್ಲಿ ಅಷ್ಟು ಸಂತೋಷ ನಾನು ಕಂಡಿರಲಿಲ್ಲ. ಅತ್ತೆಯವರು ಕನ್ನಡಕ ಸರಿಮಾಡಿಕೊಂಡು ಚಿತ್ರ ನೋಡಿ, ಇದು ದೇವರಾ ರಾಕ್ಷಸನಾ ಎಂದು ಕೇಳಿದರು. ಎರಡೂ ಅಲ್ಲ, ಬೇರೆ ಗ್ರಹದವನು ಎಂದು ಇವರು ವಿವರಿಸಿದರು. "ಯಾವ ಗ್ರಹ? ಶನಿಯಾದರೆ ಈ ಮನೆಯಲ್ಲಿ ಬೇಡ" ಎಂದು ಅತ್ತೆಯವರು ಹೇಳಿ, ಗುರು ಎಂದು ಮಗನಿಂದ ಖಾತ್ರಿ ಮಾಡಿಸಿಕೊಂಡ ಮೇಲೆಯೇ ಒಪ್ಪಿದರು.

ಕವಚ ಮಾಡುವ ಕೆಲಸ ನನ್ನ ತಲೆಗೆ ಬಂತು. ಬೆಳ್ಳಿಯ ಕವಚವನ್ನು ನಮ್ಮೂರು ಉದ್ಯಾವರದ ಒಂದು ಅಡುಗೆಮನೆಯಲ್ಲಿ ಯಾವುದರಿಂದ ಮಾಡುವುದು? ರಟ್ಟು ಆಗುವುದಿಲ್ಲ, ಅಷ್ಟಮಿಯ ಹೊತ್ತಿಗೆ ನಮ್ಮಲ್ಲಿ ಮಳೆ ಇನ್ನೂ ಸುರಿಯುತ್ತಿರುತ್ತದೆ. ಕೊನೆಗೆ ನೀರು ಕಾಸುವ ಒಲೆಯ ಬದಿಯಲ್ಲಿ ಉರಿಸಲೆಂದು ಒಟ್ಟಿದ್ದ ಅಡಿಕೆ ಹಾಳೆ, ಅಡಿಕೆ ಸೋಗೆಯ ಬುಡದ ಅಗಲ ಪಟ್ಟೆ, ಕಣ್ಣಿಗೆ ಬಿತ್ತು. ಹಾಳೆಯನ್ನು ನೀರಿನಲ್ಲಿ ನೆನೆಹಾಕಿದರೆ ಬಟ್ಟೆಯ ಹಾಗೆ ಬಗ್ಗುತ್ತದೆ, ಒಣಗಿದರೆ ಹಲಗೆಯ ಹಾಗೆ ನಿಲ್ಲುತ್ತದೆ. ಇವರನ್ನು ಬನಿಯನ್ನಿನಲ್ಲಿ ನಿಲ್ಲಿಸಿ, ಒದ್ದೆ ಹಾಳೆಯನ್ನು ಎದೆಗೂ ಬೆನ್ನಿಗೂ ಸೊಂಟಕ್ಕೂ ಸುತ್ತಿ ಹಗ್ಗ ಕಟ್ಟಿದೆ. ಒಣಗುವ ತನಕ ಅಲುಗಬಾರದೆಂದು ಹೇಳಿ ಅಡುಗೆಗೆ ಹೋದವಳು ಇವರನ್ನು ಮರೆತೇಬಿಟ್ಟೆ. ಪೋಸ್ಟಿನವನು ಬಂದು, ಹಗ್ಗ ಕಟ್ಟಿ ನಿಲ್ಲಿಸಿದ ಯಜಮಾನರನ್ನು ಕಂಡು, ಕಾಗದವನ್ನು ಜಗಲಿಯಲ್ಲಿಟ್ಟು ಬಂದ ದಾರಿ ಹಿಡಿದನಂತೆ.

ಮೊಣಕಾಲಿಗೂ ಮೊಣಕೈಗೂ ತೆಂಗಿನ ಗೆರಟೆಯ ಚಿಪ್ಪು. ತಲೆಗೆ ಒಂದು ಹಳೆಯ ಬಿದಿರಿನ ಬುಟ್ಟಿ, ಕಣ್ಣಿನ ಜಾಗದಲ್ಲಿ ಒಂದು ಸೀಳು. ಅಕ್ಕಿ ಗೇರುವ ಗೆರಸೆಯ ತೂತು ಮುಚ್ಚಲು ನಾವು ಹೆಂಗಸರು ಹಳೆ ಕಾಗದವನ್ನೂ ಮೆಂತೆಯನ್ನೂ ನೆನೆಸಿ ರುಬ್ಬಿ ಬಳಿಯುತ್ತೇವಲ್ಲ, ಅದನ್ನೇ ಬುಟ್ಟಿಗೂ ಹಾಳೆಗೂ ಬಳಿದು ನಯ ಮಾಡಿದೆ. ಬೆಳ್ಳಿಯದೇ ದೊಡ್ಡ ಸಮಸ್ಯೆಯಾಯಿತು. ಕೇಳಿದರೆ ಮೂಲೆಯಂಗಡಿಯ ಹಮೀದ್ ಸಾಯ್ಬರು ಸಿಗರೇಟು ಪ್ಯಾಕಿನ ಒಳಗಿನ ಬೆಳ್ಳಿ ಕಾಗದವನ್ನು ತಿಂಗಳುಗಟ್ಟಲೆ ಕೂಡಿಸಿಟ್ಟು ಕೊಟ್ಟರು. ಬೇಡವೆನ್ನಲು ಬಾಯಿ ಬರಲಿಲ್ಲ, ಆದರೆ ಸಿಗರೇಟಿನ ಕಾಗದ ಅಂಟಿಸಿಕೊಂಡು ದೇವರೆದುರು ಹೋಗುವುದು ಹೇಗೆ? ಒಂದೊಂದನ್ನೂ ತುಳಸಿ ನೀರಿನಲ್ಲಿ ಒರೆಸಿ, ಅಷ್ಟಾಕ್ಷರಿ ಹೇಳುತ್ತ ಅಂಟಿಸಿದೆ. ಇಡೀ ಉದ್ಯಾವರದ ಗಂಡಸರ ದುರಭ್ಯಾಸ ನಮ್ಮ ಜಗಲಿಯಲ್ಲಿ ಶುದ್ಧವಾಗಿ ಹೊಳೆಯಿತು. ಸಾಯ್ಬರು ಆಗಾಗ ಬಂದು ನೋಡಿ, "ಅಕ್ಕಾ, ಇದು ನಮ್ಮ ಅಣ್ಣನಿಗೆ ಹಾಕ್ಲಿಕ್ಕಾ, ದುಬೈಗೆ ಪಾರ್ಸೆಲ್ ಮಾಡ್ಲಿಕ್ಕಾ?" ಎಂದು ಕೇಳಿ ಹೋಗುತ್ತಿದ್ದರು.

ಅಷ್ಟಮಿಯ ಮರುದಿನ, ವೇಷಗಳು ಹೊರಡುವ ದಿನ, ಬೆಳಿಗ್ಗೆ ಮಳೆ ಬಿಟ್ಟಿತ್ತು. ಅದು ಮೊದಲ ದಯೆ. ಕವಚ ಇವರ ಮೈಗೆ ಸರಿಯಾಗಿ ಕೂತಿತು. ಅದು ಎರಡನೆಯದು. ಆದರೆ ಬದಿಗೆ ಕಟ್ಟಿದ ದಾರ ನಡೆಯುವಾಗ ಸಡಿಲುತ್ತಿತ್ತು. ಉಡುಪಿಯ ಜನಜಂಗುಳಿಯಲ್ಲಿ ಎದೆ ಒಂದು ಕಡೆ, ಬೆನ್ನು ಒಂದು ಕಡೆ ಬಿದ್ದುಹೋದರೆ ಹರಕೆಯ ಗತಿ ಏನು? ದಬ್ಬಣಕ್ಕೆ ಗೋಣಿ ದಾರ ಪೋಣಿಸಿ, ಇವರನ್ನು ಒಳಗೆ ಇಟ್ಟೇ, ಎರಡೂ ಬದಿ ಕಂಕುಳಿನ ತನಕ ಭದ್ರವಾಗಿ ಹೊಲಿದುಬಿಟ್ಟೆ. ಇವರಿಗೆ ಕೂರಲು ಆಗುತ್ತಿರಲಿಲ್ಲ, ಬಗ್ಗಲೂ ಆಗುತ್ತಿರಲಿಲ್ಲ. ಬುಟ್ಟಿಯನ್ನು ತಲೆಗಿಟ್ಟ ಮೇಲೆ ಕಣ್ಣೂ ಕಾಣಿಸಲಿಲ್ಲ. ದಿನಾ ನೋಡುತ್ತಿದ್ದ ಆ ಕಣ್ಣಿನ ಬಿಳಿ ಕಾಣದೆ ಬುಟ್ಟಿಯ ಸೀಳಿಗೆ ಕಣ್ಣಿಟ್ಟು ಇಣುಕಿದೆ. ಒಳಗೆ ಸೆಕೆಯಾಗುತ್ತದಾ, ತಲೆ ತಿರುಗುತ್ತದಾ ಎಂದು ಕೇಳುತ್ತಲೇ ಇದ್ದೆ. ಬಸ್ಸಿನಲ್ಲಿ ಇವರನ್ನು ಬಾಗಿಲ ಬದಿಯಲ್ಲಿ ಒರಗಿಸಿ ನಿಲ್ಲಿಸಬೇಕಾಯಿತು. ಕಂಡಕ್ಟರು ಮೇಲಿಂದ ಕೆಳಗೆ ನೋಡಿ, ಟಿಕೇಟು ಜನಕ್ಕಾ ಲಗೇಜಿಗಾ ಎಂದು ನನ್ನನ್ನೇ ಕೇಳಿದ.

ಉಡುಪಿಯಲ್ಲಿ ಪರಿಚಯದ ಕೆಲವು ಮನೆಗಳಿಗೆ ಹೋಗಿ ಬಂದೆವು. ಹುಲಿಗಳ ನಡುವೆ ಈ ಬೆಳ್ಳಿಯ ಮನುಷ್ಯನನ್ನು ಕಂಡು ಜನ ದಾರಿ ಬಿಟ್ಟರು. ಇವರ ಆಫೀಸಿನ ಮ್ಯಾನೇಜರೇ ಎದುರು ಬಂದು, ಗುರುತು ಸಿಗದೆ ಕೈ ಮುಗಿದು ಹೋದರು. ಬುಟ್ಟಿಯೊಳಗಿನಿಂದ ಸಣ್ಣ ನಗು ಕೇಳಿತು. ಎಲ್ಲ ಸುಸೂತ್ರವಾಯಿತು ಎಂದು ನಾನು ಮನಸ್ಸಿನಲ್ಲೇ ಕೈ ಮುಗಿಯುತ್ತ ದೇವರ ಬಾಗಿಲಿಗೆ ಬಂದರೆ, ಎದುರಿಗಿದ್ದ ಗಂಡಸರೆಲ್ಲ ಒಬ್ಬೊಬ್ಬರಾಗಿ ಅಂಗಿ ಬಿಚ್ಚಿ ಕೈಯಲ್ಲಿ ಮಡಚಿಕೊಂಡು ಒಳಗೆ ಹೋಗುತ್ತಿದ್ದರು.

ನಾನು ಇವರ ಕೈ ಹಿಡಿದು ಅಲ್ಲೇ ನಿಲ್ಲಿಸಿದೆ. ಹುಟ್ಟಿದಂದಿನಿಂದ ಕಂಡ ಪದ್ಧತಿ. ಗಂಡಸರು ಅಂಗಿ ಹಾಕಿ ಒಳಗೆ ಹೋಗುವಂತಿಲ್ಲ ಎಂದು ಈ ಊರಿನ ಮಕ್ಕಳಿಗೂ ಗೊತ್ತು. ಹುಲಿಗೆ ಆ ತೊಂದರೆಯೇ ಇಲ್ಲ, ಅದು ಅಂಗಿ ಹಾಕುವುದಿಲ್ಲ. ಹಾಳೆ, ಮೆಂತೆ, ಗೆರಟೆ ಎಂದು ಅಷ್ಟು ದಿನ ಒದ್ದಾಡಿದ ನಮಗೆ, ದಿನಾ ಮಡಿಮೈಲಿಗೆ ಎನ್ನುವ ನನ್ನ ಅತ್ತೆಯವರಿಗೂ ಸೇರಿ, ಇದೊಂದು ತಲೆಗೆ ಬಂದಿರಲಿಲ್ಲ.

ಬಾಗಿಲಲ್ಲಿದ್ದ ವಯಸ್ಸಾದ ಭಟ್ಟರು ಇವರನ್ನು ನೋಡಿ, ಅಂಗಿ ತೆಗೆಯಲು ಕೈಸನ್ನೆ ಮಾಡಿದರು.

"ಇದು ಅಂಗಿ ಅಲ್ಲ, ಕವಚ" ಎಂದೆ ನಾನು.

"ಮೈಮೇಲೆ ಹಾಕಿದ್ದು ಎಲ್ಲ ಅಂಗಿಯೇ ಅಮ್ಮ. ತೆಗೆದು ಕೈಯಲ್ಲಿ ಹಿಡ್ಕೊಳ್ಳಿಕ್ಕೆ ಹೇಳಿ."

"ತೆಗೀಲಿಕ್ಕೆ ಆಗುದಿಲ್ಲ. ಹೊಲಿದಿದ್ದೇನೆ."

"ಎಂತದನ್ನು?"

"ಇವರನ್ನು."

ಭಟ್ಟರು ಬಗ್ಗಿ ಬದಿಯ ಹೊಲಿಗೆ ನೋಡಿದರು. ಅವರು ಬೈಯಲಿಲ್ಲ, ಅದೂ ಒಂದು ದಯೆ. ಕತ್ತರಿ ತರಿಸಲಾ ಎಂದು ಕೇಳಿದರು. ಕತ್ತರಿಸಿದರೆ ವೇಷ ಹೋಯಿತು, ವೇಷವಿಲ್ಲದೆ ಎದುರು ನಿಂತರೆ ಹರಕೆ ಹೋಯಿತು ಎಂದು ಅಳುವ ಧ್ವನಿಯಲ್ಲಿ ಹೇಳಿದೆ. ಹಾಗಾದರೆ ಪಶ್ಚಿಮದ ಗೋಡೆಯ ಕಿಂಡಿಗೆ ಹೋಗಿ, ಅಲ್ಲಿ ಹೊರಗೇ ನಿಂತು ನೋಡಬಹುದು, ಅಂಗಿಯ ತಕರಾರಿಲ್ಲ, ದೇವರು ಅಲ್ಲಿಗೂ ಎದುರೇ ಎಂದರು.

ಕಿಂಡಿಯ ಎದುರು ಉದ್ದದ ಸಾಲು. ಇವರು ಎತ್ತರದ ಆಳು, ಮೇಲೆ ಬುಟ್ಟಿ ಬೇರೆ. ನಮ್ಮ ಮುಂದಿನವರೆಲ್ಲ ಸೊಂಟ ಬಗ್ಗಿಸಿ ಕಿಂಡಿಗೆ ಕಣ್ಣಿಡುವುದನ್ನು ನೋಡಿ ಇವರ ಸೊಂಟ ತಟ್ಟಿ ನೋಡಿದೆ. ಇವರ ಸೊಂಟದ ಹಾಳೆ ಹಲಗೆಯಾಗಿತ್ತು. "ಸ್ವಲ್ಪ ಬಗ್ಗಿ ನೋಡಿ" ಎಂದೆ. ಇವರು ಪ್ರಯತ್ನಿಸಿದರು, ಇಡೀ ಮನುಷ್ಯ ಕಂಬದ ಹಾಗೆ ಮುಂದಕ್ಕೆ ವಾಲಿದರು, ಹಿಡಿದು ನಿಲ್ಲಿಸಿದೆ. ಅಷ್ಟರಲ್ಲಿ ಆಕಾಶ ಕಪ್ಪಾಯಿತು. ಮಳೆ ಬಂದರೆ ಅಂಟು ಬಿಡುತ್ತದೆ, ಮೆಂತೆ ಕರಗುತ್ತದೆ, ಬೆಳ್ಳಿ ಎಲ್ಲ ಬೀದಿಗೆ. ನನ್ನ ಬಾಯಿ ಮತ್ತೆ ನನ್ನ ಮಾತು ಕೇಳಲಿಲ್ಲ. ಮಳೆಯೊಂದು ಬಾರದಿರಲಿ ಸ್ವಾಮೀ, ಇವರ ಹರಕೆ ಒಂದು ಸಂದುಬಿಡಲಿ, ಮುಂದಿನ ಅಷ್ಟಮಿಗೆ ನಾನೇ ಈ ಕವಚ ಹಾಕಿಕೊಂಡು ಬರುತ್ತೇನೆ ಎಂದು ಗೊಣಗಿಬಿಟ್ಟೆ.

ಮಳೆ ಬಂತು. ಹಾಗೆ ಹೀಗೆ ಅಲ್ಲ, ಕೊಡ ಕವುಚಿದ ಹಾಗೆ. ಸಾಲಿನ ಜನ ಹತ್ತಿರದ ಅಂಗಡಿಗಳ ಮಾಡಿನ ಕೆಳಗೆ ಓಡಿದರು. ಇವರಿಗೆ ಓಡಲಿಕ್ಕೆ ಆಗುವುದಿಲ್ಲ, ಆದ್ದರಿಂದ ಅಲ್ಲೇ ನಿಂತರು. ನಾನು ಸೆರಗನ್ನು ಇವರ ಬೆನ್ನಿಗೆ ಹರಡಿ ಏನು ಪ್ರಯೋಜನ? ಸಿಗರೇಟಿನ ಕಾಗದ ಒಂದೊಂದಾಗಿ ಕಳಚಿ ನೀರಿನಲ್ಲಿ ತೇಲಿತು. ಮೆಂತೆಯ ವಾಸನೆ ಎದ್ದಿತು. ಯಾರೋ ಹಿಂದಿನಿಂದ, ಇಲ್ಲಿ ಎಲ್ಲಿಯೋ ಮೆಂತೆ ದೋಸೆ ಉಂಟು ಎಂದರು. ಎಲ್ಲ ಮುಗಿಯಿತು, ಕಾಮಾಲೆ ಇನ್ನು ಬಸ್ಸಿನಲ್ಲೇ ನಮ್ಮ ಜೊತೆ ಬರುತ್ತದೆ ಎಂದುಕೊಂಡು ಕಣ್ಣು ಮುಚ್ಚಿದೆ.

ತೆರೆದು ನೋಡಿದರೆ ಇವರು ಕಿಂಡಿಯ ಎದುರು ಬಗ್ಗಿದ್ದರು.

ನೆನೆದ ಹಾಳೆ ಬಗ್ಗದೆ ಏನು ಮಾಡೀತು? ನೀರಿನಲ್ಲಿಟ್ಟು ಬಗ್ಗಿಸಿದವಳು ನಾನೇ. ಸಾಲಿನ ಜನ ಮಾಡಿನ ಕೆಳಗಿದ್ದರು, ನೂಕುವವರು ಯಾರೂ ಇರಲಿಲ್ಲ. ಇವರು ಗೆರಟೆಯ ಮೊಣಕೈಗಳನ್ನು ಗೋಡೆಗೆ ಊರಿ, ಬುಟ್ಟಿಯ ಸೀಳನ್ನು ಕಿಂಡಿಗೆ ಹೊಂದಿಸಿ, ಬೇಕಾದಷ್ಟು ಹೊತ್ತು ಹಾಗೇ ನಿಂತರು. ತಿರುಗಿ ಬಂದಾಗ ದೇವರು ಕಂಡರಾ ಎಂದು ಕೇಳಿದೆ. "ಕಂಡರು ಮಾರಾಯ್ತಿ. ದೀಪ ಕಂಡಿತು, ಮುಖವೂ ಕಂಡಿತು" ಎಂದರು. ಧ್ವನಿ ಒದ್ದೆಯಾಗಿತ್ತು. ಮಳೆಯ ನೀರು ಬಾಯಿಗೆ ಹೋಗಿರಬೇಕು ಎಂದು ನಾನು ಹೆಚ್ಚು ಕೇಳಲಿಲ್ಲ.

ಇವರ ಕಣ್ಣು ಇವತ್ತಿಗೂ ಹಾಲಿನ ಹಾಗೆ ಬೆಳ್ಳಗಿದೆ. ಆದರೆ ನನ್ನ ನಿದ್ದೆ ಹೋಗಿದೆ. ಮಳೆ ಬಾರದಿರಲಿ ಎಂದು ನಾನು ಹೇಳಿಕೊಂಡದ್ದು. ಮಳೆ ಬಂತು, ಆದ್ದರಿಂದ ನಾನು ವೇಷ ಹಾಕಬೇಕಾಗಿಲ್ಲ ಎಂದು ಒಂದು ಮನಸ್ಸು ಹೇಳುತ್ತದೆ. ಇವರ ಹರಕೆ ಸಲ್ಲಲಿ ಎಂದೂ ಹೇಳಿಕೊಂಡಿದ್ದೆ, ಅದು ಸಂದಿತು, ಅದೂ ಮಳೆಯಿಂದಲೇ ಸಂದಿತು, ಆದ್ದರಿಂದ ಹಾಕಲೇಬೇಕು ಎಂದು ಇನ್ನೊಂದು ಮನಸ್ಸು ಹೇಳುತ್ತದೆ. ಭಟ್ಟರನ್ನು ಕೇಳಲು ನಾಚಿಕೆ. ಅತ್ತೆಯವರನ್ನು ಕೇಳಿದರೆ ಹೆಂಗಸರು ವೇಷ ಹಾಕುವುದುಂಟಾ ಎಂದು ಬೈದಾರು, ಅದು ನನಗೆ ಸ್ವಲ್ಪ ಅನುಕೂಲವೇ. ಇವರನ್ನು ಕೇಳಿದರೆ ಮಾತ್ರ ದಬ್ಬಣಕ್ಕೆ ದಾರ ಪೋಣಿಸಿಕೊಂಡು ತಯಾರಾಗುತ್ತಾರೆ ಎಂಬುದರಲ್ಲಿ ಸಂಶಯವಿಲ್ಲ. ಹಾಗಾಗಿ ಯಾರಲ್ಲಿಯೂ ಹೇಳಿಲ್ಲ. ಮೊನ್ನೆ ಮನೆಯಲ್ಲಿ ಯಾರೂ ಇಲ್ಲದಾಗ, ಒಲೆಯ ಮೇಲಿನ ಅಟ್ಟದಲ್ಲಿ ಒಣಗುತ್ತಿರುವ ಬುಟ್ಟಿಯನ್ನು ಇಳಿಸಿ, ಬಾಗಿಲು ಮುಚ್ಚಿ, ಸುಮ್ಮನೆ ತಲೆಗೆ ಇಟ್ಟು ನೋಡಿದೆ. ತುರುಬು ಅಡ್ಡ ಬರುತ್ತದೆ. ಬುಟ್ಟಿಯನ್ನು ಹಿಂದೆ ಸ್ವಲ್ಪ ಕತ್ತರಿಸಿದರೆ ಸರಿಯಾದೀತೇನೋ.