ಹಾಸ್ಟೆಲಿನ ಮಾಡೂ ಮಹದೇವಪ್ಪನವರ ಹಾಸಿಗೆಯೂ

ಉಂಡ ಮನೆಗೆ ಒಂದು ಹೆಂಚು ಕೊಡದವರು ಮನುಷ್ಯರೇ? ಮಡಿಕೇರಿಯ ಏಲಕ್ಕಿ ವ್ಯಾಪಾರಿ ಮಹದೇವಪ್ಪನವರು ಅಂದು ಬೆಳಿಗ್ಗೆಯಿಂದ ಇದೊಂದೇ ಪ್ರಶ್ನೆ ಕೇಳುತ್ತಿದ್ದರು. ಮೊದಲು ಕನ್ನಡಿಯನ್ನು ಕೇಳಿದರು, ಆಮೇಲೆ ಉಪ್ಪಿಟ್ಟನ್ನು, ಕೊನೆಗೆ ಹೆಂಡತಿ ಸುಮಿತ್ರಮ್ಮನನ್ನು.

ಕೋಪಕ್ಕೆ ಕಾರಣವಿತ್ತು. ಅವರು ಓದುವಾಗ ಇದ್ದ ಹಾಸ್ಟೆಲು ಈಗ ಮುದಿಯಾಗಿ, ತೊಲೆಗಳಿಗೆ ಗೆದ್ದಲು ಹಿಡಿದಿತ್ತು. ಮಳೆಗಾಲದೊಳಗೆ ಹೆಂಚಿನ ಮಾಡು ರಿಪೇರಿಯಾಗದಿದ್ದರೆ ಬೀಗ ಹಾಕಿಸುತ್ತೇನೆಂದು ಸರ್ಕಾರದ ಇಂಜಿನಿಯರು ಹೇಳಿ ಹೋಗಿದ್ದ. ಬೀಗ ಬಿದ್ದರೆ ಕರಿಕೆಯಂಥ ದೂರದ ಊರಿನ ಹುಡುಗರ ಕಾಲೇಜೂ ಅಲ್ಲಿಗೇ ಮುಗಿದಂತೆ. (ಕೊಡಗು ಈಗ ಬಿಳಿಯರದಲ್ಲ, ನಮ್ಮದೇ ರಾಜ್ಯ, ಮಂತ್ರಿಗಳೂ ನಮ್ಮವರೇ, ಹೆಂಚು ಮಾತ್ರ ಯಾರದೂ ಅಲ್ಲ.) ಹಾಗಾಗಿ ಹಳೆ ವಿದ್ಯಾರ್ಥಿಗಳ ಸಂಘ ಕಟ್ಟಿ, ತಾವೇ ಅಧ್ಯಕ್ಷ ಪದವಿಯನ್ನಲಂಕರಿಸಿ, ಮೊದಲ ಭಿಕ್ಷೆಗೆ ನೆಲ್ಯಹುದಿಕೇರಿಯ ಎಸ್ಟೇಟಿಗೆ, ಒಂದೇ ಕೋಣೆಯಲ್ಲಿ ಜೊತೆಗಿದ್ದ ಪೂವಯ್ಯನ ಬಳಿಗೆ ಹೋಗಿದ್ದರು. ಅಂಗಳದಲ್ಲೇ ಕಡಿದ ಮರ ರಾಶಿ ಬಿದ್ದಿತ್ತು. ಪೂವಯ್ಯ ಕಾಫಿ ಕೊಟ್ಟ, ಕಿತ್ತಳೆ ಕೊಟ್ಟ. ಮರದ ಮಾತೆತ್ತಿದಾಗ ಮಾತ್ರ, "ಸೋರಿದರೆ ಏನು ಮಾರಾಯ? ನಾವು ನೆಂದುಕೊಂಡೇ ಪಾಸಾಗಲಿಲ್ವಾ?" ಎಂದ.

"ಪಾಸಾದದ್ದು ನಾನು! ನೀನು ಬರೀ ನೆಂದದ್ದು!" ಎಂದು ಗುಡುಗಿ ಬಂದಿದ್ದರು.

"ಎಲ್ಲರಿಗೂ ಕೊಡಿ ಕೊಡಿ ಅಂತೀರಲ್ಲ, ನೀವೇನು ಕೊಟ್ರಿ?" ಎಂದರು ಸುಮಿತ್ರಮ್ಮ.

"ತನು, ಮನ ಎರಡೂ ಕೊಟ್ಟಿದ್ದೀನಿ ಕಣೇ! ಧನ ಬೇರೆಯವರು ಕೊಡ್ಲಿ."

"ತನು ಹೊತ್ತಿಗೆ ಸರಿಯಾಗಿ ಊಟಕ್ಕೆ ಬರ್ತಾನೇ ಇದೆಯಲ್ಲಾ?"

ಆ ಕೋಪವೂ ಸೇರಿಕೊಂಡು ಭಾನುವಾರದ ಸಭೆಯಲ್ಲಿ ಅಧ್ಯಕ್ಷರ ಭಾಷಣ ಸಿಡಿಲಾಯಿತು. "ಆ ಹುಡುಗರು ಯಾರು? ನಮ್ಮ ಮನೆಮಕ್ಕಳು! ತಾನು ಬೆಚ್ಚಗೆ ಮಲಗಿ ಅವರನ್ನು ನೆನೆಯಲು ಬಿಡುವ ಪಾಪಿ ಇಲ್ಲಿ ಯಾರಿದ್ದಾನೆ? ಎದ್ದು ನಿಲ್ಲಲಿ!"

ಪೂವಯ್ಯ ಕಣ್ಣೊರೆಸಿಕೊಂಡು ಎದ್ದ (ಪಾಪಿಯೆಂದಲ್ಲ, ದಾನಿಯೆಂದು). ತೊಲೆಗಳೆಲ್ಲ ತನ್ನವು ಎಂದ. ಸುಂಟಿಕೊಪ್ಪದ ಚೆನ್ನಯ್ಯ ಹೆಂಚು ಕೊಡಲು ಒಪ್ಪಿಕೊಂಡ. ಮಹದೇವಪ್ಪನವರ ಎದೆ ಉಬ್ಬಿತು.

ಆಗ ವಾರ್ಡನ್ ಸಿದ್ದಣ್ಣ ಮೆಲ್ಲಗೆ ಕೇಳಿದರು: "ಮಾಡು ಬಿಚ್ಚಿದ ಮೇಲೆ ಹುಡುಗರು ಮಲಗೋದೆಲ್ಲಿ?"

ಸಭೆಗೆ ಸಭೆಯೇ ನೆಲ ನೋಡತೊಡಗಿತು. ಹೆಂಗಸರ ಬೆಂಚಿನಿಂದ ಸುಮಿತ್ರಮ್ಮ ಎದ್ದರು. "ನಮ್ಮನೇಲಿ ಮಹಡಿ ಇದೆ. ಯಜಮಾನ್ರೇ ಹೇಳಿದ್ರಲ್ಲ, ಮನೆಮಕ್ಕಳು ಅಂತ!"

ಚಪ್ಪಾಳೆಯೋ ಚಪ್ಪಾಳೆ. ಮಹದೇವಪ್ಪನವರೂ ತಟ್ಟಿದರು, ವೇದಿಕೆಯ ಮೇಲೆ ಕೂತವರಿಗೆ ಬೇರೆ ದಾರಿಯಿರಲಿಲ್ಲ.

ಮನೆಮಕ್ಕಳು ಟ್ರಂಕುಗಳ ಸಮೇತ ಬಂದಿಳಿದರು. ಮಹಡಿ ಹೋಯಿತು, ಮಂಚ ಹೋಯಿತು, ಹಂಡೆಯ ಬಿಸಿನೀರು ಹೋಯಿತು. ಕಾವಲಿಯಿಂದೆದ್ದ ಅಕ್ಕಿರೊಟ್ಟಿ ಅಧ್ಯಕ್ಷರ ತಟ್ಟೆಯನ್ನು ದಾಟಿಕೊಂಡು ಹೋಗುತ್ತಿತ್ತು. "ಪಾಪ, ಓದೋ ಮಕ್ಕಳು," ಎನ್ನುತ್ತಿದ್ದರು ಸುಮಿತ್ರಮ್ಮ, ಹಿಂದೆಂದೂ ಕಾಣದ ಉತ್ಸಾಹದಿಂದ. ಅಧ್ಯಕ್ಷರಿಗೆ ದೊರೆತದ್ದು ಏಲಕ್ಕಿ ಮೂಟೆಗಳ ಕೋಣೆ. ಅಲ್ಲಿ ಘಮಘಮಿಸುತ್ತಾ ಸೀನುವುದು ಸಾಧ್ಯವಿತ್ತು, ನಿದ್ರೆ ಸಾಧ್ಯವಿರಲಿಲ್ಲ.

"ಇದು ನನ್ನ ಮನೆಯೋ, ಛತ್ರವೋ?" ಎಂದು ಒಂದು ಸಂಜೆ ಅಬ್ಬರಿಸಿದರು.

"ಮೆಲ್ಲಗೆ ರೀ, ಪರೀಕ್ಷೆ ಹತ್ತಿರ ಬಂತು," ಎಂದು ಸುಮಿತ್ರಮ್ಮ ಬಾಗಿಲು ಮುಂದೆಳೆದರು.

ಅವಮಾನದಿಂದ ಕುದಿಯುತ್ತಾ ಮಹದೇವಪ್ಪನವರು ಹಾಸಿಗೆ ಸುತ್ತಿ ಕಂಕುಳಿಗಿಟ್ಟುಕೊಂಡು ಹಾಸ್ಟೆಲಿಗೇ ನಡೆದರು. ಅಲ್ಲಿ ಒಂದು ಕೋಣೆಗೆ ಹೊಸ ಹೆಂಚು ಹೊದಿಸಿ ಮುಗಿದಿತ್ತು. ಸಿದ್ದಣ್ಣನವರು ಗಂಜಿಯ ತಟ್ಟೆ ಮುಂದಿಟ್ಟು, ಹಾಸ್ಟೆಲಿನ ನಿಯಮದಂತೆ ಗೇಟಿಗೆ ಬೀಗ ಹಾಕಿ ಬಂದರು.

"ಬೀಗ ಯಾಕ್ರೀ? ನಾನು ಈ ಸಂಘದ ಅಧ್ಯಕ್ಷ!" ಮಹದೇವಪ್ಪನವರ ಕಣ್ಣು ಸ್ವಲ್ಪ ತೇವವಾಯಿತು.

ಸಿದ್ದಣ್ಣ ಅವರ ಬೆನ್ನು ತಟ್ಟಿದರು. "ಹೊಸಬರಿಗೆ ಮೊದಲ ದಿನ ಮನೆ ನೆನಪಾಗೋದು ಸಹಜ. ಗಂಜಿ ಕುಡಿದು ತಟ್ಟೆ ತೊಳೆದಿಡಿ."