ನಳದ ಮುಂದಿನ ಪರೀಕ್ಷೆ

ಶೇಂಗಾ ಮುಗಿದುಹೋದದ್ದೇ ಅಷ್ಟೂ ರಾಮಾಯಣಕ್ಕೆ ಕಾರಣ.

ಜೋಗೇಶ್ವರಿಯ ಚಾಳಿನಲ್ಲಿದ್ದ, ಗೋಡೆ ಕಟ್ಟುವ ಗವಂಡಿ ಧರ್ಮಣ್ಣ ಮಗಳು ಚಂಪಾಳಿಗೆ ಶೇಂಗಾ ಬೀಜ ಇಟ್ಟು ಲೆಕ್ಕ ಕಲಿಸುತ್ತಿದ್ದ. ಒಂದಿಷ್ಟು ಬೀಜಕ್ಕೆ ಇನ್ನೊಂದಿಷ್ಟು ಸೇರಿಸಿ, “ಈಗ ಎಷ್ಟಾತು?” ಎಂದು ಅವನು ಕೇಳುವಷ್ಟರಲ್ಲಿ ಬೀಜಗಳು ಅವಳ ಹೊಟ್ಟೆ ಸೇರಿರುತ್ತಿದ್ದವು. ಹೀಗಾಗಿ ಹುಡುಗಿಗೆ ಕೂಡುವುದು ಬರುವ ಮೊದಲೇ ಕಳೆಯುವುದು ಬಂತು. ಓದನ್ನು ಮಾತ್ರ ಅವಳು ತಾನಾಗಿಯೇ ಹಿಡಿದುಕೊಂಡಿದ್ದಳು. ಊರಿಂದ ತಂದ ಹಂಡೆ, ಕೊಡಗಳ ಮೇಲೆ ಕೊರೆಸಿದ್ದ ಹೆಸರುಗಳೇ ಅವಳ ಪಾಠ. ಕಂಡ ಕಂಡ ಪಾತ್ರೆಯ ಮುಂದೆ ಕುಕ್ಕರಿಸಿ, ಅಕ್ಷರಕ್ಕೊಂದು ಬೆರಳಿಟ್ಟು ಓದುತ್ತಿದ್ದಳು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ಧರ್ಮಣ್ಣನಿಗೆ ಅದನ್ನು ನೋಡುವಾಗ ಕೈಯಲ್ಲಿದ್ದ ಕೆಲಸವೇ ಮರೆತುಹೋಗುತ್ತಿತ್ತು.

ಆ ಬೆಳಿಗ್ಗೆ ಕನ್ನಡ ಶಾಲೆಯ ವಿನೋದಿನಿ ಅಕ್ಕೋರು ಒಂದನೇ ಇಯತ್ತೆಗೆ ಮಕ್ಕಳನ್ನು ಪರೀಕ್ಷಿಸಿ ಸೇರಿಸಿಕೊಳ್ಳುವವರಿದ್ದರು. ಹೆಂಡತಿ ಹಾಲವ್ವ ಹೆರಿಗೆಗೆ ತವರಿಗೆ ಹೋಗುವಾಗಲೇ ಕಡ್ಡಿ ಮುರಿದಂತೆ ಹೇಳಿದ್ದಳು: “ಈ ವರ್ಷ ಸಾಲಿಗಿ ತಗೋಲಿಲ್ಲಂದ್ರ ಚಂಪಿನ್ನ ನಮ್ಮವ್ವನ ಹಂತ್ಯಾಕ ಬಿಡ್ತೀನಿ. ಇಲ್ಲಿ ಓಣ್ಯಾಗ ತಿರುಗೂದು ಬ್ಯಾಡ.” ಚಂಪಾ ಇಲ್ಲದ ಖೋಲಿಯನ್ನು ನೆನೆದರೆ ಧರ್ಮಣ್ಣನಿಗೆ ಊಟ ಸೇರುತ್ತಿರಲಿಲ್ಲ.

ಪರೀಕ್ಷೆಯ ಹೊತ್ತಿಗೇ ಶೇಂಗಾ ಡಬ್ಬಿ ಖಾಲಿ. ಏನು ಎಣಿಸುವುದು? ಬಾಗಿಲಿನಾಚೆ ನಳದ ಮುಂದೆ ಪಾತ್ರೆಗಳ ಸಾಲು ಕಾಣಿಸಿತು. ನೀರು ಬರುವ ಮೊದಲೇ ಮನೆಗೊಂದು ಪಾತ್ರೆ ಅಲ್ಲಿಟ್ಟು ಹೋಗುವುದು ಚಾಳಿನ ಪದ್ಧತಿ. ಪಾತ್ರೆ ಎಲ್ಲಿದೆಯೋ ಅಲ್ಲೇ ಆ ಮನೆಯ ಪಾಳಿ. ಅಲ್ಲಿ ತೂತಿನ ಡಬ್ಬಿಗೆ ಇದ್ದ ಮರ್ಯಾದೆ ಮನುಷ್ಯರಿಗೆ ಇರಲಿಲ್ಲ.

“ಅವ್ವೀ, ಇವನ್ನೆಲ್ಲಾ ಎಣಸು. ಆಮ್ಯಾಲ ಸಣ್ಣದರಿಂದ ದೊಡ್ಡದಕ್ಕ ಹಚ್ಚು ನೋಡೋಣು,” ಎಂದು ಹೇಳಿ ಧರ್ಮಣ್ಣ ಗಡ್ಡ ಕೆರೆಯಲು ಒಳಗೆ ಹೋದ. ಬೆರಳಿಟ್ಟು ತೋರಿಸುತ್ತಾಳೆ ಎಂಬುದು ಅವನ ಲೆಕ್ಕ. ಮಗಳು ತಂದೆಯ ಮಾತನ್ನು ಚಾಚೂ ತಪ್ಪದೆ ಪಾಲಿಸಿದಳು.

ಅರ್ಧ ಕೆನ್ನೆ ಮುಗಿದಿತ್ತು. ನಳ ಗೊರಗೊರ ಎಂದಿತು. ಹಿಂದೆಯೇ ಪಕ್ಕದ ಖೋಲಿಯ ಇಂದ್ರಾಬಾಯಿಯ ಗಂಟಲೂ ಕೇಳಿಸಿತು.

“ಯಾವ ಹಾಟ್ಯಾನ ಕೆಲಸ ಇದು? ಮೊದಲನೇದು ಇದ್ದ ನನ್ನ ಹಂಡೆ ಕಡೀಕ ಹ್ಯಾಂಗ ಹೋತು? ಅದಕ್ಕೇನು ಕಾಲು ಅದಾವೇನು?”

ಧರ್ಮಣ್ಣ ಸಾಬೂನು ಮುಖದಲ್ಲೇ ಓಡಿಬಂದ. ತಂಬಿಗೆಯಿಂದ ಹಿಡಿದು ಹಂಡೆಯವರೆಗೆ ಪಾತ್ರೆಗಳು ಒಂದಕ್ಕಿಂತ ಒಂದು ದೊಡ್ಡದಾಗಿ, ಮದುವೆ ಮನೆಯ ಫೋಟೋಕ್ಕೆ ನಿಂತ ಮಕ್ಕಳಂತೆ ನಿಂತಿದ್ದವು. ಗವಂಡಿಯ ಕಣ್ಣಿಗೆ ಮೊದಲು ಕಂಡದ್ದು ಆ ಸಾಲಿನ ಚಂದ. ಭಯ ಆಮೇಲೆ ಬಂತು.

ಅಂಧೇರಿಯ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ರಮಾನಾಥನ ಹೆಂಡತಿ ಪ್ರಫುಲ್ಲಾ ಆಗಲೇ ತನ್ನ ತಂಬಿಗೆಯನ್ನು ನಳಕ್ಕೆ ಒಡ್ಡಿದ್ದಳು.

“ಎಂತ ಬೊಬ್ಬೆ ಮಾರಾಯ್ರೆ? ಈಗ ಉಂಟಲ್ಲ, ಇದೇ ಸರಿಯಾದ ಸಾಲು,” ಎಂದಳು.

“ತಂಬಿಗೆ ಇಟ್ಟು ಪಾಳಿ ಹಿಡ್ಯಾಕಿ, ಡ್ರಮ್ ತಂದು ತುಂಬಸ್ತಿ! ನನಗ ಗೊತ್ತಿಲ್ಲೇನು?” ಎಂದು ಇಂದ್ರಾಬಾಯಿ ತಂಬಿಗೆಗೆ ಕೈ ಹಾಕಿದಳು. ಇಬ್ಬರ ಎಳೆದಾಟದಲ್ಲಿ ನೀರೆಲ್ಲ ಗಟಾರಕ್ಕೆ ಹರಿಯತೊಡಗಿತು. ಉಳಿದ ಮನೆಯವರೂ ಬಂದರು. ಪಾಳಿ ಕೇಳಿದರೆ ಎಲ್ಲರೂ ಎರಡನೆಯವರೇ, ಮೂರನೆಯವರು ಯಾರೂ ಇರಲಿಲ್ಲ.

“ಏನಿದು ಗದ್ದಲ?”

ಎದುರು ಚಾಳಿನ ವಿನೋದಿನಿ ಅಕ್ಕೋರು ಶಾಲೆಗೆ ಹೊರಟವರು ಅಲ್ಲೇ ನಿಂತಿದ್ದರು. ಧರ್ಮಣ್ಣನ ಜೀವ ಬಾಯಿಗೆ ಬಂತು. ಪರೀಕ್ಷೆಗೆ ಮೊದಲೇ ಮಗಳು ನಪಾಸು!

“ಈ ಪಾತ್ರೆ ಜೋಡಿಸಿದವರು ಯಾರು?”

“ನಾನರಿ,” ಎಂದಳು ಚಂಪಾ.

ಅಕ್ಕೋರು ಸಾಲನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದರು. ಅವರ ಹುಬ್ಬು ಮೇಲೇರಿತು. “ಎಲ್ಲಕ್ಕೂ ಮೊದಲು ಹೇಗಿತ್ತೋ ಹಾಗೆ ಇಡಲಿಕ್ಕೆ ಬರುತ್ತದೆಯೇ?”

ಚಂಪಾ ತಲೆಯಾಡಿಸಿ ಕೆಲಸಕ್ಕಿಳಿದಳು. “ಇಂ... ದ್ರಾ... ಬಾಯಿ. ಇದು ಒಂದು,” ಎಂದು ಹಂಡೆಯನ್ನು ಉರುಳಿಸಿ ನಳದ ಕೆಳಗೆ ತಂದಳು. “ಪ್ರ... ಫು... ಲ್ಲಾ. ಎರಡು. ದೇವಕ್ಕ, ಮೂರು.” ಓದುತ್ತಾ, ಎಣಿಸುತ್ತಾ, ಎಳೆಯುತ್ತಾ ಸಾಲು ಬೆಳೆಸಿದಳು. ಒಬ್ಬರೂ ತಕರಾರು ತೆಗೆಯಲಿಲ್ಲ. ಜಗಳವಾಡಲು ಬಂದವರೆಲ್ಲ ಬಾಯಿಬಿಟ್ಟುಕೊಂಡು ನೋಡುತ್ತಿದ್ದರು.

“ಸರಸ್ವತಿ ಅದಾಳ ನೋಡ್ರಿ!” ಎಂದು ಇಂದ್ರಾಬಾಯಿ ನೆಟಿಕೆ ಮುರಿದಳು. ಧರ್ಮಣ್ಣನ ಎದೆ ಉಬ್ಬಿತು.

ಕೊನೆಗೆ ಉಳಿದದ್ದು ಧರ್ಮಣ್ಣನ ಬಕೀಟು. ಚಂಪಾ ಅದನ್ನು ಸಾಲಿನ ತುತ್ತತುದಿಗೆ ಇಟ್ಟು ಕೈ ಝಾಡಿಸಿಕೊಂಡಳು.

“ಅವ್ವೀ, ನಮ್ಮದು ಎರಡನೇದಲ್ಲೇನು?” ಎಂದ ಧರ್ಮಣ್ಣ, ಮೆಲ್ಲಗೆ.

“ಅಲ್ಲಪಾ. ಅಕ್ಕೋರು ಎಲ್ಲಕ್ಕೂ ಮೊದಲು ಅಂದಾರ. ನಸುಕಿನ್ಯಾಗ ನೀ ಕಾಲಿಂದ ಮುಂದ ಸರಿಸಿದೆಲ್ಲ, ಅದಕ್ಕಿಂತ ಮೊದಲು ಇಲ್ಲೇ ಇತ್ತು.”

ಚಾಳಿನ ಕಣ್ಣುಗಳೆಲ್ಲ ಧರ್ಮಣ್ಣನ ಕಾಲಿನತ್ತ ತಿರುಗಿದವು.

“ಇವತ್ತೊಂದಿನ ಅಷ್ಟರಿ,” ಎಂದು ಧರ್ಮಣ್ಣ ತೊದಲಿದ, “ಪರೀಕ್ಷಾ ಅಂತ, ಹುಡುಗಿ ಜಳಕಕ್ಕ...”

“ನಿನ್ನೀನೂ ಸರಿಸಿದ್ದಿ ಅಪ್ಪಾ,” ಎಂದು ಚಂಪಾ ಒಂದು ಬೆರಳು ಮಡಿಚಿದಳು. “ಮೊನ್ನಿ. ಆಚಿ ಮೊನ್ನಿ...”

ಧರ್ಮಣ್ಣ ಅವಳ ಬೆರಳುಗಳ ಮೇಲೆ ಕೈ ಮುಚ್ಚಿದ.

“ಕೈ ತೆಗೆಯಿರಿ,” ಎಂದರು ಅಕ್ಕೋರು. “ಮಗು ಕೂಡುವುದನ್ನು ನಾನು ನೋಡಬೇಕು.”

ಒಂದು ಕೈಯ ಬೆರಳು ಮುಗಿದವು. ಇನ್ನೊಂದು ಕೈಯವೂ ಮುಗಿದವು. ಚಂಪಾ ನೆಲಕ್ಕೆ ಕೂತು ಕಾಲ್ಬೆರಳುಗಳಿಗೆ ಕೈಹಾಕಿದಳು. ಅವಳಿಗೆ ಅಂದು ಕೂಡುವುದು ಬಂದೇಬಿಟ್ಟಿತು.

“ನಮ್ಮ ತಂಬಿಗೆ ದಿನಾ ಹಿಂದೆ ಹೋಗುವುದು ಎಂತಕ್ಕೆ ಅಂತ ಈಗ ಗೊತ್ತಾಯ್ತು!” ಎಂದಳು ಪ್ರಫುಲ್ಲಾ. “ಸರೀ ಜಾಗದಲ್ಲಿ ಇಡ್ಲಿಕ್ಕೆ ಬರುದಿಲ್ಲ ಅಂತ ಪಾಪ, ಗಂಡನಿಗೆ ಬೈದದ್ದು ನಾನು!”

ಅಕ್ಕೋರು ಚಂಪಾಳ ತಲೆ ಸವರಿದರು. “ಪರೀಕ್ಷೆ ಆಯಿತು. ಇವಳನ್ನು ಸೇರಿಸಿಕೊಂಡಿದ್ದೇನೆ. ಇಂಥ ಮಗು ನಮ್ಮ ಶಾಲೆಗೆ ಬೇಕು.” ಆಮೇಲೆ ಧರ್ಮಣ್ಣನ ಕಡೆ ತಿರುಗಿದರು. “ಚೆನ್ನಾಗಿ ಕಲಿಸಿದ್ದೀರಿ.”

ಧರ್ಮಣ್ಣನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಗಳು ತನ್ನ ಹತ್ತಿರವೇ ಉಳಿದಳು ಎಂಬ ಸಂತೋಷಕ್ಕೆ ಕಣ್ಣು ತುಂಬಿತು. ಇಡೀ ಚಾಳು ತನ್ನನ್ನು ನೋಡುತ್ತಿದ್ದುದರಿಂದ ಅದನ್ನು ಒರೆಸಿಕೊಳ್ಳುವ ಧೈರ್ಯವೂ ಆಗಲಿಲ್ಲ.

ಪಂಚಾಯಿತಿ ಅಲ್ಲೇ ತೀರ್ಮಾನವಾಯಿತು. ನಾಳೆಯಿಂದ ನಳದ ಪಾಳಿ ನೋಡುವವಳು ಚಂಪಾ. ಧರ್ಮಣ್ಣನ ಬಕೀಟು ದಸರೆಯವರೆಗೆ ಸಾಲಿನ ಕೊನೆಗೆ.

ಒಬ್ಬೊಬ್ಬರೇ ತುಂಬಿಸಿಕೊಂಡು ಹೋದರು. ಧರ್ಮಣ್ಣ ಬಕೀಟು ಒಡ್ಡಿದ. ನಳ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಅಷ್ಟರಲ್ಲಿ ಇಂದ್ರಾಬಾಯಿ ತುಂಬಿದ ಕೊಡವೊಂದನ್ನು ತಂದು ಚಂಪಾಳ ಮುಂದೆ ಇಟ್ಟಳು. “ಜಳಕ ಮಾಡಿ ಸಾಲಿಗಿ ಹೋಗು, ನನ ಬಂಗಾರ.”

ಧರ್ಮಣ್ಣ ಒಣಗಿದ ಸಾಬೂನು ತೊಳೆಯಲು ಕೊಡಕ್ಕೆ ಮೆಲ್ಲಗೆ ಬೊಗಸೆ ಇಳಿಸಿದ. ಚಂಪಾ ಕೊಡವನ್ನು ಎರಡೂ ಕೈಯಿಂದ ತನ್ನತ್ತ ಎಳೆದುಕೊಂಡಳು.

“ಅಪ್ಪಾ, ಇದು ನನ್ನ ಪಾಳಿ. ನಿಂದು ಕಡೀಕ ಅದ.”