ಮಾರ್ನಿಯ ಮುಚ್ಚಿದ ಫೈಲು

ಮೆಡಿಕಲ್ ಕಾಲೇಜಿನಿಂದ ಬಂದ ಪತ್ರದ ಒಂದೇ ಒಂದು ಸಾಲು ಇಷ್ಟೆಲ್ಲ ರಗಳೆಗೆ ಕಾರಣ: 'ಸಂದರ್ಶನ ಮಾಡುವವರು ನಿಮ್ಮ ಫೈಲನ್ನು ನೋಡಿರುವುದಿಲ್ಲ, ನೀವು ಹೇಳಿದ್ದಷ್ಟೇ ಅವರಿಗೆ ಗೊತ್ತಿರುತ್ತದೆ.' ಮಾರ್ನಿ ಹ್ರುಸ್ಕಾ ಅದನ್ನು ಗಟ್ಟಿಯಾಗಿ ಓದಿದ್ದು ಸಂದರ್ಶನದ ದಿನ ಬೆಳಿಗ್ಗೆ, ಶಾಲಾ ಬಸ್ ಡಿಪೋದಲ್ಲಿ. ಅಲ್ಲಿ ಓದಿದ್ದು ಅಮೆರಿಕದ ನೆಬ್ರಾಸ್ಕದ ಆ ಊರಿಗೆಲ್ಲ ಡಂಗುರ ಸಾರಿದ ಹಾಗೆ.

ಮಾರ್ನಿಗೆ ನಲವತ್ತೊಂದು. ಹದಿನಾಲ್ಕು ವರ್ಷದಿಂದ ಹಳದಿ ಬಸ್ಸು ಓಡಿಸುತ್ತಿದ್ದಳು. ಬೆಳಗಿನ ಟ್ರಿಪ್ಪಿಗೂ ಮಧ್ಯಾಹ್ನದ ಟ್ರಿಪ್ಪಿಗೂ ನಡುವೆ ಸ್ಟಿಯರಿಂಗಿಗೆ ಪುಸ್ತಕ ಒರಗಿಸಿಕೊಂಡು ಓದಿ, ಕಮ್ಯುನಿಟಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಸು ಮಾಡಿ, ಉಳಿದ ಪದವಿಯನ್ನು ಆರು ವರ್ಷ ಆನ್‌ಲೈನಿನಲ್ಲಿ ಓದಿ ಮುಗಿಸಿದಳು. ಹಿಮ ಬಿದ್ದು ಬೆರಳು ಮರಗಟ್ಟಿದ ದಿನವೂ ಒಂದು ಪಾಠ ತಪ್ಪಿಸಿದವಳಲ್ಲ. ಇಂಥವರನ್ನು ಕಂಡರೆ ನನಗೆ ಎದ್ದು ನಿಂತು ಕೈಮುಗಿಯಬೇಕು ಅನಿಸುತ್ತದೆ. ಆದರೆ ಇಪ್ಪತ್ತೊಂದು ಮೆಡಿಕಲ್ ಕಾಲೇಜುಗಳಿಗೆ ಹಾಗೇನೂ ಅನಿಸಲಿಲ್ಲ. ಕರೆದದ್ದು ಇದೊಂದೇ.

"ಆ ಇಪ್ಪತ್ತೊಂದು ಕಡೆ ಯಾಕೆ ಬೇಡ ಅಂದ್ರು ಹೇಳು? ಆನ್‌ಲೈನ್ ಅನ್ನೋದು ನೋಡಿ ತಾನೇ?" ಎಂದಳು ಹಿರಿಯ ಡ್ರೈವರ್ ಲೊರೀನ್. "ಈಗ ದೇವರೇ ಫೈಲು ಮುಚ್ಚಿದಾನೆ. ನೀನ್ಯಾಕೆ ಬಾಯಿ ಬಿಡ್ತೀಯ?"

"ಸುಳ್ಳು ಹೇಳೋದು ನನ್ನ ಕೈಲಾಗಲ್ಲ ಕಣೆ."

"ಸುಳ್ಳು ಯಾರು ಹೇಳು ಅಂದ್ರು? ಕ್ಲಾಸಲ್ಲಿ ಕೂತು ಕಲಿಯೋಕೆ ಇಷ್ಟ ಅನ್ನು. ಅಷ್ಟೇ."

ಸಂದರ್ಶನ ಅಂದೇ ಹತ್ತು ಗಂಟೆಗೆ, ವಿಡಿಯೋದಲ್ಲಿ. ಊರಲ್ಲಿ ಇಂಟರ್‌ನೆಟ್ ನೆಟ್ಟಗಿದ್ದದ್ದು ಡಿಪೋದ ಕೋಣೆಯಲ್ಲಿ ಮಾತ್ರ. ಲೊರೀನ್ ತಾನು ಶವಸಂಸ್ಕಾರಗಳಿಗೆ ಹಾಕುವ ಕಪ್ಪು ಕೋಟನ್ನು ಮಾರ್ನಿಗೆ ತೊಡಿಸಿದಳು. ಅದು ಎಷ್ಟು ಬಿಗಿಯೆಂದರೆ ಮೂಗು ತುರಿಸಿದರೂ ಕೈ ಮೇಲೇಳದು. ಮೆಕ್ಯಾನಿಕ್ ಡ್ವೇನ್ ಏನು ಹೇಳಬೇಕೆಂದು ಬರೆದ ರಟ್ಟುಗಳನ್ನು ಕೈಯಲ್ಲಿ ಹಿಡಿದು ಕಂಪ್ಯೂಟರಿನ ಹಿಂದೆ ನಿಂತ. ಲೊರೀನ್ ಮೇಜಿನ ಕೆಳಗೆ ತೂರಿಕೊಂಡಳು.

ಪರದೆಯ ಮೇಲೆ ಇಬ್ಬರು ಡಾಕ್ಟರು ಮೂಡಿದರು: ವಯಸ್ಸಾದ ಸ್ಟ್ರ್ಯಾಂಡ್, ಚಿಕ್ಕ ವಯಸ್ಸಿನ ಒರ್ಟೇಗಾ. ಮೊದಲ ಅರ್ಧ ಗಂಟೆ ಮಾರ್ನಿ ಸೊಗಸಾಗಿ ಉತ್ತರಿಸಿದಳು. ಬಸ್ಸಿನಲ್ಲಿ ಮೂರ್ಛೆ ಬಿದ್ದ ಹುಡುಗಿಯ ಕತೆ ಕೇಳಿ ಒರ್ಟೇಗಾ ಕಣ್ಣೊರೆಸಿಕೊಂಡಳು.

"ಕೊನೇ ಪ್ರಶ್ನೆ," ಎಂದರು ಸ್ಟ್ರ್ಯಾಂಡ್. "ನಿಮಗೆ ಪಾಠ ತಲೆಗೆ ಹತ್ತೋದು ಹೇಗೆ?"

ಮಾರ್ನಿ ಬಾಯಿ ತೆರೆದಳು. ಡ್ವೇನ್ ರಟ್ಟು ಎತ್ತಿದ: 'ಕ್ಲಾಸು!' ಕೆಳಗಿನಿಂದ ಲೊರೀನ್ ಕಾಲು ಚಿವುಟಿದಳು.

"ಕ್ಲಾಸಲ್ಲಿ... ಮೇಷ್ಟ್ರ ಎದುರಿಗೆ ಕೂತ್ರೆ."

ಡ್ವೇನ್‌ಗೆ ಹುರುಪು ಬಂತು. ಎರಡನೆಯ ರಟ್ಟು ಎತ್ತಿದ: 'ಕಂಪ್ಯೂಟರ್ ಛೀ!'

"ಕಂಪ್ಯೂಟರ್ ನೋಡ್ಕೊಂಡು ಓದೋದು ನಂಗೆ ಆಗಿಬರಲ್ಲ," ಎಂದುಬಿಟ್ಟಳು ಮಾರ್ನಿ. ನಾಚಿಕೆಯಿಂದ ಅವಳ ಕಿವಿ ಕೆಂಪಾಯಿತು.

ಡಾಕ್ಟರಿಬ್ಬರೂ ಪೆಚ್ಚಾಗಿ ಮುಖ ಮುಖ ನೋಡಿಕೊಂಡರು.

"ಅಯ್ಯೋ, ಎಂಥಾ ಕೆಲಸ ಆಯ್ತು," ಎಂದಳು ಒರ್ಟೇಗಾ. "ನಮ್ಮಲ್ಲಿ ಮೊದಲೆರಡು ವರ್ಷದ ಪಾಠ ಎಲ್ಲಾ ರೆಕಾರ್ಡ್ ಮಾಡಿಟ್ಟಿರೋದು. ಮನೇಲೇ ಕೂತು ನೋಡಬೇಕು. ಒಬ್ಬರೇ ಓದೋಕಾಗದೆ ವರ್ಷ ವರ್ಷ ಎಷ್ಟೋ ಜನ ಬಿಟ್ಟು ಹೋಗ್ತಾರೆ. ಅದನ್ನ ತಾಳಿಕೊಳ್ಳೋರನ್ನೇ ಹುಡುಕ್ತಿದ್ವಿ."

ಮಾರ್ನಿ ದಡಕ್ಕನೆ ಎದ್ದಳು. ಕೋಟು ಬೆನ್ನಿನುದ್ದಕ್ಕೂ ಪರ್ರೆಂದು ಹರಿಯಿತು. "ನನ್ನ ಡಿಗ್ರೀನೇ ಆನ್‌ಲೈನು ಡಾಕ್ಟ್ರೇ! ಆರು ವರ್ಷ! ಫೈಲು ನೋಡಿ ಬೇಕಾದ್ರೆ!"

"ಹೌದು ಸ್ವಾಮಿ, ನಾವೇ ಸಾಕ್ಷಿ!" ಎನ್ನುತ್ತ ಲೊರೀನ್ ಮೇಜಿನಡಿಯಿಂದ ತಲೆ ಹೊರಹಾಕಿದಳು. ಡ್ವೇನ್ ಕೂಡ ಓಡಿ ಬಂದು ಪಕ್ಕದಲ್ಲಿ ನಿಂತ, ರಟ್ಟಿನ ಸಮೇತ.

ಸ್ಟ್ರ್ಯಾಂಡ್ ರಟ್ಟಿನ ಮೇಲಿನ 'ಕಂಪ್ಯೂಟರ್ ಛೀ!' ಓದಿದರು. ಅಕ್ಕರೆಯಿಂದ ನಕ್ಕರು.

"ಫೈಲು ನಾವು ನೋಡೋ ಹಾಗಿಲ್ಲಮ್ಮ, ನಿಯಮ. ಸೀಟಿಗೋಸ್ಕರ ಮಾತು ಬದಲಾಯಿಸಬೇಡಿ. ಮೊದಲು ಹೇಳಿದಿರಲ್ಲ, ಅದರಲ್ಲೇ ನಿಮ್ಮ ಪ್ರಾಮಾಣಿಕತೆ ಕಾಣಿಸ್ತು."

ಬೇರೆ ಯಾರಾದರೂ ಆಗಿದ್ದರೆ ಕಂಪ್ಯೂಟರನ್ನೋ ಲೊರೀನಳನ್ನೋ ಎತ್ತಿ ಎಸೆಯುತ್ತಿದ್ದರು. ಮಾರ್ನಿ ಹರಿದ ಕೋಟಿನಲ್ಲೇ ನೆಟ್ಟಗೆ ಕೂತಳು. ಪೆನ್ನು, ಕಾಗದ ಎಳೆದುಕೊಂಡಳು. ಆ ಗಟ್ಟಿತನ ಎಲ್ಲಿಂದ ಬಂತೋ ನಾನು ಕಾಣೆ.

"ಸರಿ ಡಾಕ್ಟ್ರೇ. ಮುಂದಿನ ವರ್ಷ ಮತ್ತೆ ಅರ್ಜಿ ಹಾಕ್ತೀನಿ. ಅಷ್ಟರಲ್ಲಿ ಏನು ಮಾಡ್ಲಿ, ಹೇಳಿ."

"ಶಭಾಷ್!" ಎಂದರು ಸ್ಟ್ರ್ಯಾಂಡ್. "ಏನಿಲ್ಲ, ಹೆದರಬೇಡಿ. ಸಣ್ಣದೊಂದು ಆನ್‌ಲೈನ್ ಕೋರ್ಸು ಮಾಡಿ ನೋಡಿ. ನಿಧಾನಕ್ಕೆ ರೂಢಿ ಆಗತ್ತೆ."